ಹರಳಯ್ಯನ ಪಾದುಕೆ, ಸಂಕಮ್ಮನ ಬಲಗೈ

ಕಂಸಾಳೆಯ ನಾದಕ್ಕೆ ತಲೆದೂಗಿದವರೆಲ್ಲರೂ ಅದರೊಡನೆ ಸಾಗುವ ಕಥೆಗೆ ಕಿವಿಗೊಟ್ಟಿರುತ್ತಾರೆಂದು ಹೇಳಲಾಗದು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ದೇವರಗುಡ್ಡರು ಇರುಳೆಲ್ಲ ಹಾಡುತ್ತ ಬಂದ ಮಲೆಯ ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಅದನ್ನು ಪವಾಡಗಳ ಮಾಲೆಯೆಂದು ಓದುವುದು ರೂಢಿ. ಆದರೆ ಎಲ್ಲ ಕುಲದವರನ್ನೂ ಒಳಗೊಳ್ಳುವ ಅದರ ಗುಣ ಉಪದೇಶದಿಂದ ಬಂದದ್ದಲ್ಲ, ದುಡಿಮೆಯ ಅನುಭವದಿಂದ ಬಂದದ್ದು.

ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಣಿಸಲು ಮಾದೇಶ್ವರನಿಗೆ ಬೇಕಾದದ್ದು ಚಮ್ಮಾರ ಹರಳಯ್ಯನ ಕೈಚಳಕ. ಅವನು ಮಾಡಿಕೊಟ್ಟ ಅರಗಿನ ಪಾದುಕೆಯೇ ದೊರೆಯ ಅಂತ್ಯಕ್ಕೆ ಕಾರಣವಾಗುತ್ತದೆ. ಗುಡಿ ಕಟ್ಟಿಸುವವನು ಕುರಿಮಂದೆಯ ಒಡೆಯ ಆಲಂಬಾಡಿ ಜುಂಜೇಗೌಡ. ಇವರಾರೂ ಕರುಣೆಗೆ ಪಾತ್ರರಾಗಿ ಕಥೆಯೊಳಗೆ ಬಂದವರಲ್ಲ. ಇವರಿಲ್ಲದೆ ಕಥೆ ಮುಂದೆ ಸಾಗದು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಸಂಕಮ್ಮನ ಸಾಲು. ಜೇನು ತರಲು ಕಾಡಿಗೆ ಹೊರಟ ಸೋಲಿಗ ನೀಲಯ್ಯ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಆಕೆ ಕೊಡುವುದಿಲ್ಲ. ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಪತಿಯ ಮಾತಿಗೆ ತಲೆಬಾಗುವುದೇ ಸತಿಯ ಗುಣವೆಂದು ಹಾಡಿದ ಕಾವ್ಯಗಳು ನಮ್ಮಲ್ಲಿ ಎಷ್ಟಿಲ್ಲ! ಇಲ್ಲಿ ದೈವ ಬಂದು ನಿಲ್ಲುವುದು ಕೈ ನೀಡದವಳ ಪಕ್ಕದಲ್ಲಿ. ಹಾಡುವವರು ಗಂಡಸರೆಂಬುದನ್ನು ನೆನೆದರೆ ಇದರ ತೂಕ ಇನ್ನೂ ಹೆಚ್ಚುತ್ತದೆ.

ಕಾವ್ಯದಲ್ಲಿ ಕೊರತೆಯಿಲ್ಲವೆಂದಲ್ಲ. ಭಿಕ್ಷೆ ನೀಡದ ಬೇವಿನಹಟ್ಟಿ ಕಾಳಮ್ಮನ ಮೇಲೆ ಮಾದೇಶ್ವರ ಎರಗುವ ಕ್ರೌರ್ಯವನ್ನು ನಾನು ಸಮರ್ಥಿಸಲಾರೆ. ಮನೆಮನೆಯ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತ ಗುಡ್ಡರ ನೋವು ಅಲ್ಲಿ ದೈವದ ಮುನಿಸಾಗಿ ಹೊಮ್ಮಿದೆಯೆಂದು ನನಗನ್ನಿಸುತ್ತದೆ. ಅನುಭವ ಕಣ್ಣು ತೆರೆಸುವಂತೆ ಕಟುವಾಗಿಸುವುದೂ ಉಂಟು.

ಸೋಲಿಗರಿಗೂ ಪೂರ್ಣ ನ್ಯಾಯ ಸಂದಿಲ್ಲ. ನೀಲಯ್ಯನ ಸಂಶಯ ನಮಗೆ ಚೆನ್ನಾಗಿ ಕಾಣುತ್ತದೆ. ಹೆಜ್ಜೇನಿನ ಬಂಡೆ ಏರುವವನ ಕಾಡಿನ ಅರಿವು ಹಿನ್ನೆಲೆಯಲ್ಲೇ ಉಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ದೊರೆತ ಸಮುದಾಯ ಅರಣ್ಯ ಹಕ್ಕಿನಲ್ಲಿ ಜೇನು ಮೊದಲಾದ ಕಿರು ಉತ್ಪನ್ನಗಳ ಸಂಗ್ರಹವೂ ಸೇರಿತ್ತು. ಕಾವ್ಯ ಗುರುತಿಸದ ಅರಿವನ್ನು ಕಾನೂನು ತಡವಾಗಿಯಾದರೂ ಗುರುತಿಸಿತು. ಆದರೂ ಸೋಲಿಗರು ಈ ಕಥೆಯನ್ನು ಹೊರಗಿಟ್ಟಿಲ್ಲ. ಸಂಕಮ್ಮನಿಗೆ ಹುಟ್ಟಿದ ಅವಳಿಗಳು ಕಾರಯ್ಯ, ಬಿಲ್ಲಯ್ಯ. ಆ ಕಾರಯ್ಯನ ಹೆಸರನ್ನೇ ತಮ್ಮ ಮೂಲಪುರುಷನದೆಂದು ಹೇಳಿಕೊಳ್ಳುವ ಸೋಲಿಗರಿದ್ದಾರೆ.