ಗಡಿ ದಾಟಿದ ವಿದ್ಯುಚ್ಛಕ್ತಿ ಮತ್ತು ಕೊಡಗಿನ ಸ್ಥಾನ: ಒಂದು ವಿಮರ್ಶೆ

ನೀರು, ಬಿಸಿಲು, ಗಾಳಿಗಳಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾರ್ಯದಲ್ಲಿ ರಾಜ್ಯರಾಜ್ಯಗಳೂ ದೇಶದೇಶಗಳೂ ಪರಸ್ಪರ ಸಹಕರಿಸಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಇದು ಹೊಸ ಕಾಲದ ಹೊಸ ವಿಚಾರವೆಂದು ತಿಳಿಯುವವರೇ ಹೆಚ್ಚು. ಆದರೆ ಕನ್ನಡ ನಾಡಿನ ಮಟ್ಟಿಗೆ ಈ ಸಹಕಾರಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ನಮ್ಮ ಗ್ರಂಥಗಳು ಹೇಳುತ್ತ ಬಂದಿರುವ ಕ್ರಮದಲ್ಲಿ ಒಂದು ಮುಖ್ಯವಾದ ಕೊರತೆಯಿದೆಯೆಂಬುದು ನಮ್ಮ ಅಭಿಪ್ರಾಯ. ಶಕ್ತಿಯನ್ನು ಉತ್ಪಾದಿಸುವವರು, ಅದನ್ನು ಕೊಳ್ಳುವವರು, ಈ ಇಬ್ಬರ ವಿಚಾರ ಅಲ್ಲಿ ವಿಸ್ತಾರವಾಗಿದೆ. ನೀರು ಹುಟ್ಟುವ ನಾಡಿನ, ತಂತಿ ಹಾದುಹೋಗುವ ನಾಡಿನ ವಿಚಾರ ಇಲ್ಲವೆನ್ನುವಷ್ಟು ಕಡಮೆ. ಕೊಡಗಿನ ದೃಷ್ಟಿಯಿಂದ ಈ ಕೊರತೆಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಿವನಸಮುದ್ರವನ್ನು ತೆಗೆದುಕೊಳ್ಳೋಣ. ೧೯೦೨ರ ಜೂನ್ ತಿಂಗಳಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು ೯೨ ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ಪ್ರಸಾರ ಮಾರ್ಗಗಳಲ್ಲಿ ಇದೂ ಒಂದು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ವಿದ್ಯುತ್ತಿನ ದೀಪಗಳು ಬಂದವು. ಇದನ್ನು ಮೈಸೂರು ಸಂಸ್ಥಾನದ ಸಾಧನೆಯೆಂದು, ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯ ಫಲವೆಂದು ಪಠ್ಯಪುಸ್ತಕಗಳು ವರ್ಣಿಸುತ್ತವೆ. ಈ ವರ್ಣನೆ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಯೋಜನೆಯನ್ನು ಸಿದ್ಧಪಡಿಸಿದವನು ಕೆನಡಾದಿಂದ ಬಂದ, ಬ್ರಿಟಿಷ್ ಸೈನ್ಯದ ಇಂಜಿನಿಯರಾಗಿದ್ದ ಜೋಲಿ ಡಿ ಲಾಟ್ಬಿನಿಯರ್. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಕೊಳ್ಳುವವರು ಇಂಗ್ಲೆಂಡಿನ ಬಂಡವಾಳದಿಂದ ನಡೆಯುತ್ತಿದ್ದ ಗಣಿ ಕಂಪನಿಗಳು. ಹಣ ಮತ್ತು ಹೊಣೆ ಮೈಸೂರಿನವು. ಹೀಗೆ ಹಲವು ದೇಶಗಳ ವಿದ್ಯೆ, ಯಂತ್ರ, ಬಂಡವಾಳಗಳು ಒಂದೆಡೆ ಕೂಡಿದ ಕಾರ್ಯವಿದು.

ಇನ್ನೊಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅರಿಯರು. ಅಂದು ಶಿವನಸಮುದ್ರವಿದ್ದದ್ದು ಗಡಿಯ ಮೇಲೆ. ನದಿಯ ಒಂದು ದಡದ ಮಳವಳ್ಳಿ ಮೈಸೂರಿಗೆ ಸೇರಿತ್ತು. ಇನ್ನೊಂದು ದಡದ ಕೊಳ್ಳೇಗಾಲವು ೧೯೫೬ರವರೆಗೂ ಮದರಾಸಿನ ಆಡಳಿತದಲ್ಲಿತ್ತು. ಆದಕಾರಣ ಮದರಾಸಿನವರ ನೀರಿನ ಹಕ್ಕನ್ನು ಕಡೆಗಣಿಸಿ ಮೈಸೂರು ಮುಂದುವರಿಯುವಂತಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಗಣಿಗಳಿಗೆ ಶಕ್ತಿ ಸಾಲದಾಗುತ್ತಿತ್ತು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಲು ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ಕಟ್ಟೆಯಿಂದ ಎದ್ದ ವಿವಾದವು ೧೯೧೪ರ ಪಂಚಾಯಿತಿ ತೀರ್ಪನ್ನು ದಾಟಿ ೧೯೨೪ರ ಒಪ್ಪಂದದಲ್ಲಿ ಮುಗಿಯಿತು.

ಆ ಒಪ್ಪಂದಕ್ಕೆ ಇದ್ದ ಪಕ್ಷಗಳು ಎರಡೇ: ಮೈಸೂರು ಮತ್ತು ಮದರಾಸು. ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಹಾರಂಗಿಯೂ ಲಕ್ಷ್ಮಣತೀರ್ಥವೂ ಕೊಡಗಿನ ಬೆಟ್ಟಗಳಿಂದಲೇ ಇಳಿದು ಅದನ್ನು ಸೇರುತ್ತವೆ. ಹೇಮಾವತಿಯಂಥ ನದಿಗಳು ಬೇರೆಡೆಯಿಂದ ಬಂದರೂ ಕನ್ನಂಬಾಡಿಗೆ ಕೊಡಗಿನ ಮಳೆಯೇ ದೊಡ್ಡ ಆಧಾರ. ಅಂದು ಕೊಡಗು ಮೈಸೂರಿಗೆ ಸೇರಿರಲಿಲ್ಲ, ಮದರಾಸಿಗೂ ಸೇರಿರಲಿಲ್ಲ. ೧೮೩೪ರಿಂದ ಇಂಗ್ಲಿಷರ ವಶದಲ್ಲಿದ್ದ ಪ್ರತ್ಯೇಕ ಪ್ರಾಂತ. ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರನಾಗಿದ್ದು ಬೆಂಗಳೂರಿನಿಂದಲೇ ಆಳುತ್ತಿದ್ದನು. ಎರಡು ಸರಕಾರಗಳ ನಡುವಣ ಮಾತುಕತೆಯಲ್ಲಿ ಮೂರನೆಯ ನಾಡಿಗೆ ಸ್ವಂತ ಧ್ವನಿಯಿಲ್ಲದೆ ಹೋದುದಕ್ಕೆ ಈ ಆಡಳಿತ ವ್ಯವಸ್ಥೆಯೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನೀರು ಹುಟ್ಟಿದ ಮಾತ್ರಕ್ಕೆ ಅದು ಆ ನಾಡಿನ ಸೊತ್ತಾಗುವುದೇ? ಆಗದು. ಅಂತರರಾಜ್ಯ ನದಿಯ ಮೇಲೆ ಯಾವ ರಾಜ್ಯಕ್ಕೂ ಒಡೆತನವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಕಾವೇರಿ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ನಾವೂ ಅದನ್ನು ಒಪ್ಪುತ್ತೇವೆ. ಆದರೆ ಒಡೆತನದ ಪ್ರಶ್ನೆ ಬೇರೆ, ಸಹಕಾರದಲ್ಲಿ ಪಾಲಿನ ಪ್ರಶ್ನೆ ಬೇರೆ. ಕೊಡಗಿನವರು ದೇವರಕಾಡುಗಳನ್ನೂ ಬಾಣೆಯ ಮರಗಳನ್ನೂ ಉಳಿಸಿಕೊಂಡು ಬಂದಿರುವುದರಿಂದ ಹೊಳೆಗಳಿಗೆ ಆಗಿರುವ ಉಪಕಾರವನ್ನು ಯಾವ ಒಪ್ಪಂದವೂ ಲೆಕ್ಕಕ್ಕೆ ಹಿಡಿದಿಲ್ಲ. ಹೊಳೆಯನ್ನು ಕಾಯುವವರಿಗೆ ಒಡೆತನ ಬೇಡ. ಸಮಾಲೋಚನೆಯಲ್ಲಿ ಸ್ಥಾನ ಬೇಕು.

ಇದು ಕೇವಲ ಕಳೆದ ಕಾಲದ ಮಾತಲ್ಲ. ದಕ್ಷಿಣ ಕೊಡಗಿನ ಬ್ರಹ್ಮಗಿರಿ ಶ್ರೇಣಿಯಿಂದ ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿದರೆ ಬಾರಾಪೊಳೆ ಪಶ್ಚಿಮಕ್ಕೆ ಹರಿದು ಕೇರಳವನ್ನು ಸೇರುತ್ತದೆ. ಅಲ್ಲಿ ಕಣ್ಣೂರು ಜಿಲ್ಲೆಯ ಇರಿಟ್ಟಿಯ ಬಳಿ ಕೇರಳದ ವಿದ್ಯುತ್ ಮಂಡಳಿಯು ೨೦೧೬ರಲ್ಲಿ ೧೫ ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರವನ್ನು ಆರಂಭಿಸಿತು. ದೊಡ್ಡ ಅಣೆಕಟ್ಟೆಯಿಲ್ಲ, ಕಾಲುವೆಯ ಮೇಲೆಯೇ ಸೌರಫಲಕಗಳನ್ನು ಹೊದಿಸಿ ಬಿಸಿಲಿನಿಂದಲೂ ವಿದ್ಯುತ್ತನ್ನು ಪಡೆಯುತ್ತಾರೆ. ಹಸಿರು ತಂತ್ರಜ್ಞಾನಕ್ಕೆ ಇದು ಮೆಚ್ಚತಕ್ಕ ನಿದರ್ಶನ. ಆದರೆ ಬೆಟ್ಟದ ಮೇಲಣ ಕಾಡು ಕರಗಿದರೆ ಕೆಳಗಿನ ಚಕ್ರ ಬೇಸಿಗೆಯಲ್ಲಿ ತಿರುಗದು. ಆ ಕಾಡು ಇರುವುದು ಗಡಿಯ ಈಚೆ. ವಿದ್ಯುತ್ತು ಗಡಿಯ ಆಚೆ.

ತಂತಿಯ ಕಥೆಯೂ ಇದೇ. ಮೈಸೂರಿನಿಂದ ಕೋಝಿಕೋಡಿಗೆ ಹೋಗುವ ೪೦೦ ಕಿಲೋವೋಲ್ಟಿನ ಮಾರ್ಗವು ೨೦೧೫ರಲ್ಲಿ ದಕ್ಷಿಣ ಕೊಡಗಿನ ಮೂಲಕ ಹಾದುಹೋಯಿತು. ಅದಕ್ಕಾಗಿ ಕಾಡಿನಲ್ಲಿಯೂ ಕಾಫಿ ತೋಟಗಳಲ್ಲಿಯೂ ಸಾವಿರಾರು ಮರಗಳು ಉರುಳಿದವು. ಕೊಡಗು ವನ್ಯಜೀವಿ ಸಂಘವು ಇದನ್ನು ಪ್ರತಿಭಟಿಸಿತು. ಗಮನಾರ್ಹವಾದ ವಿಷಯವೆಂದರೆ, ಇಂಥ ತಂತಿಗಳನ್ನು ಎಳೆಯುವ ಅಧಿಕಾರವು ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ಮೂಲಕ ೧೮೮೫ರ ಟೆಲಿಗ್ರಾಫ್ ಅಧಿನಿಯಮದಿಂದ ಬಂದದ್ದು. ಕಂಬ ನೆಡಲು ಭೂಮಿಯನ್ನು ಕೊಳ್ಳಬೇಕಾಗಿಲ್ಲ. ನಷ್ಟಕ್ಕೆ ಪರಿಹಾರ ಕೊಟ್ಟರೆ ಸಾಕು. ಇಂಗ್ಲಿಷರು ತಮ್ಮ ಸುದ್ದಿಯ ತಂತಿಗಾಗಿ ಮಾಡಿದ ಕಾನೂನು ಸ್ವತಂತ್ರ ಭಾರತದಲ್ಲಿಯೂ ತೋಟದ ಒಡೆಯನ ಒಪ್ಪಿಗೆಯನ್ನು ಅನಾವಶ್ಯಕವಾಗಿಸಿತು. ಕೇರಳಕ್ಕೆ ವಿದ್ಯುತ್ತು ಬೇಡವೆಂದು ಯಾರೂ ಹೇಳಲಾರರು. ನೆರೆಯವರಿಗೆ ನೆರವಾಗುವುದು ಧರ್ಮ. ಆದರೆ ಆ ಧರ್ಮದ ಭಾರವನ್ನು ದಾರಿಯಲ್ಲಿರುವವರೊಬ್ಬರೇ ಹೊರುವುದು ನ್ಯಾಯವೆನಿಸದು.

ಬೇರೆ ದಾರಿಗಳಿಲ್ಲವೆಂದಲ್ಲ. ೧೯೭೩ರಲ್ಲಿ ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳು ಇತೈಪು ಜಲವಿದ್ಯುತ್ತಿಗಾಗಿ ಒಪ್ಪಂದ ಮಾಡಿಕೊಂಡವು. ಬ್ರೆಜಿಲ್ಲಿನಲ್ಲಿ ಜಲಾಶಯದಂಚಿನ ಪುರಸಭೆಗಳಿಗೂ ಅದರ ರಾಜಧನದಲ್ಲಿ ಪಾಲು ಸಲ್ಲುತ್ತದೆ. ನಮ್ಮ ದೇಶದ ೨೦೦೮ರ ಜಲವಿದ್ಯುತ್ ನೀತಿಯು ಯೋಜನೆಯಿರುವ ರಾಜ್ಯಕ್ಕೆ ಶೇಕಡ ೧೨ರಷ್ಟು ಉಚಿತ ವಿದ್ಯುತ್ತನ್ನೂ ಸ್ಥಳೀಯ ಅಭಿವೃದ್ಧಿಗೆ ಮತ್ತೆ ಶೇಕಡ ೧ರಷ್ಟನ್ನೂ ವಿಧಿಸಿತು. ಆದರೆ ಅದು ಯೋಜನೆಯ ಪ್ರದೇಶಕ್ಕೇ ಮೀಸಲು, ಮೇಲಣ ಜಲಾನಯನಕ್ಕಲ್ಲ. ಪಾವಗಡದ ೨,೦೫೦ ಮೆಗಾವ್ಯಾಟಿನ ಸೌರ ಉದ್ಯಾನಕ್ಕೆ ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಭೂಮಿಯಿಲ್ಲದ ಕೂಲಿಕಾರನಿಗೆ ಆ ಹಣದಲ್ಲಿ ಪಾಲಿಲ್ಲವೆಂಬ ದೋಷ ಅಲ್ಲಿಯೂ ಉಂಟು. ಆದರೂ ಸ್ಥಳದವರಿಗೆ ವರ್ಷವರ್ಷವೂ ಸಲ್ಲುವ ಪಾಲೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿದೆ. ತಂತಿಯ ಕೆಳಗಿನ ತೋಟಕ್ಕೂ ಹೊಳೆಯ ಮೇಲಿನ ಕಾಡಿಗೂ ಇದೇ ತತ್ತ್ವ ಏಕೆ ಅನ್ವಯಿಸಬಾರದು?

ಕೊಡಗು ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಅಂದಿನಿಂದ ಅದರ ಪರವಾಗಿ ಮಾತಾಡುವ ಹೊಣೆ ರಾಜ್ಯದ್ದು. ಆ ಹೊಣೆ ಎಷ್ಟರಮಟ್ಟಿಗೆ ನೆರವೇರಿದೆಯೆಂಬುದನ್ನು ಪರೀಕ್ಷಿಸುವ ಕೆಲಸ ಚರಿತ್ರಕಾರರದು. ನಮ್ಮ ಸಂಶೋಧನ ವಿದ್ಯಾರ್ಥಿಗಳು ಶಿವನಸಮುದ್ರದ ಯಂತ್ರಗಳ ವಿವರದಲ್ಲಿಯೇ ನಿಲ್ಲದೆ, ಚೀಫ್ ಕಮಿಷನರರ ಕಾಲದ ಅರಣ್ಯ ಮತ್ತು ಕಂದಾಯದ ಕಡತಗಳನ್ನು ೧೯೨೪ರ ಒಪ್ಪಂದದ ಪಕ್ಕದಲ್ಲಿಟ್ಟು ಓದಬೇಕು. ತಂತಿ ಹಾದ ಊರುಗಳ ಹಿರಿಯರ ಹೇಳಿಕೆಗಳನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ಮುಂದೆ ಎರಡು ಸರಕಾರಗಳು ಶಕ್ತಿಯ ಹಂಚಿಕೆಗೆ ಕುಳಿತಾಗ ಮೂರನೆಯ ನಾಡಿನ ಹಕ್ಕಿಗೆ ಆಧಾರ ಕೇಳಿದರೆ, ಅದನ್ನು ಒದಗಿಸುವವರು ಇವರೇ ಆಗಬೇಕು.