ಹೆಸರಿಲ್ಲದವನ ಕತೆಯಲ್ಲಿ ಅವನೇ ಇಲ್ಲ

ಜೆನೆಟ್ ವಿಂಟರ್‌ಸನ್ 2019ರಲ್ಲಿ ಬರೆದ ‘ಫ್ರಾಂಕಿಸ್‌ಸ್ಟೈನ್’ ಓದಿ ನಾವು ನಕ್ಕದ್ದು ಖರೆ. 1816ರ ಜಿನೀವಾದಲ್ಲಿ 18ರ ಹುಡುಗಿ ಮೇರಿ ದೆವ್ವದ ಕತೆ ಹೊಸೆಯುತ್ತಾಳೆ. ಇತ್ತ ನಮ್ಮ ಕಾಲದಲ್ಲಿ ರೈ ಶೆಲ್ಲಿ ಎಂಬ ಟ್ರಾನ್ಸ್ ವೈದ್ಯ, ಯಂತ್ರಬುದ್ಧಿಯ ಪ್ರೊಫೆಸರ್ ವಿಕ್ಟರ್ ಸ್ಟೈನ್. ಕವಿ ಲಾರ್ಡ್ ಬೈರನ್ ಇಲ್ಲಿ ಲೈಂಗಿಕ ಬೊಂಬೆ ಮಾರುವ ರಾನ್ ಲಾರ್ಡ್! ಭಲೇ ಕುಚೋದ್ಯ.

ಆದರೆ ಆ ರಾಕ್ಷಸ ಎಲ್ಲಿ ಹ್ವಾದ? 1818ರ ‘ಫ್ರಾಂಕನ್‌ಸ್ಟೈನ್’ನಲ್ಲಿ ಅವನಿಗೆ ಹೆಸರೇ ಇಲ್ಲ. ಹುಟ್ಟಿಸಿದವನೇ ಮುಖ ನೋಡಿ ಓಡಿದ. ಗೋಡೆಯ ಬಿರುಕಿನಾಚೆಯ ಮಾತು ಕದ್ದು ಕೇಳಿ ಭಾಷೆ ಕಲಿತ. ಶಾಲೆಯ ಹೊರಗೆ ಕುಂತು ಕಲಿತವರ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕೇನು? ಕಣ್ಣಿಲ್ಲದ ಮುದುಕ ಅವನನ್ನು ಮಾತಾಡಿಸಿದ. ಕಣ್ಣಿದ್ದ ಮಗ ಬಂದು ಬಡಿಗೆಯಿಂದ ಹೊಡೆದ.

ಅವನ ಮೈಯಾದರೂ ಎಲ್ಲಿಯದು? ಮಸಣದ್ದು, ಕಸಾಯಿಖಾನೆಯದ್ದು. ಕುಣಿ ತೋಡಿದ, ಸತ್ತ ದನ ಸುಲಿದ ನಮ್ಮ ಕೇರಿಗೆ ಇವು ಅಪರಿಚಿತವಲ್ಲ. ಇಂಗ್ಲೆಂಡಿನ 1832ರ ಕಾಯ್ದೆ ವಾರಸುದಾರರಿಲ್ಲದ ಬಡವರ ಹೆಣಗಳನ್ನು ವೈದ್ಯರ ಮೇಜಿಗೆ ಒಪ್ಪಿಸಿತು. ಹೊಸ ಕಾದಂಬರಿಯಲ್ಲೂ ರೈ ಪ್ರೊಫೆಸರನಿಗೆ ಅಂಗಾಂಗ ಒದಗಿಸುತ್ತಾರೆ. ಅವು ಯಾರ ಕೈ, ಯಾರ ಕಾಲು? ಕಾದಂಬರಿ ನಿಂತು ಕೇಳುವುದಿಲ್ಲ. ರೈ ಮೇಲೆ ಹಲ್ಲೆಯಾಗುವ ಪುಟದಲ್ಲಿ ಮಾತ್ರ ನಮ್ಮ ನಗೆ ನಿಂತಿತು. ಅಲ್ಲಿ ಆ ಹೆಸರಿಲ್ಲದವನ ನೆರಳು ಸುಳಿದು ಮಾಯವಾಗುತ್ತದೆ.

ನಮ್ಮ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ‘ದೇವಾನಾಂಪ್ರಿಯ’ ಅಂದರೆ ಅಶೋಕ ಎಂದು ಲೋಕಕ್ಕೆ ತಿಳಿಸಿತು. ಅದರಲ್ಲಿ ದೊರೆಯ ಹೆಸರಿದೆ, ಬಂಡೆ ಕೊರೆದವನದಿಲ್ಲ. ಮೇರಿ ತನ್ನ ರಾಕ್ಷಸನಿಗೆ ಹೆಸರು ಕೊಡದಿದ್ದರೂ, ತನ್ನ ಕತೆ ತಾನೇ ಹೇಳಲಿ ಎಂದು ನಡುವಿನ ಆರು ಅಧ್ಯಾಯ ಬಿಟ್ಟುಕೊಟ್ಟಳು. ವಿಂಟರ್‌ಸನ್ನರ ಪುಸ್ತಕದಾಗ ಆ ದನಿ ಹುಡುಕಿ ಹುಡುಕಿ ನಮಗೆ ಸಾಕಾತು.