ಯಾರ ಪರವಾಗಿ, ಯಾರ ದನಿಯಲ್ಲಿ?

1928ರಲ್ಲಿ ಸಿಡ್ನಿಯ ‘ಬುಲೆಟಿನ್’ ವಾರಪತ್ರಿಕೆ ನಡೆಸಿದ ಕಾದಂಬರಿ ಸ್ಪರ್ಧೆಯಲ್ಲಿ ಬಹುಮಾನ ಹಂಚಿಕೊಂಡ ಕೃತಿ ಕ್ಯಾಥರೀನ್ ಸುಸಾನಾ ಪ್ರಿಚರ್ಡ್ ಅವರ ‘ಕೂನಾರ್ಡೂ’. ಮೂಲನಿವಾಸಿ ಹೆಣ್ಣಿಗೂ ದನ ಸಾಕುವ ಬಿಳಿಯ ಒಡೆಯನಿಗೂ ಬೆಳೆದ ನಂಟು ಅದರ ವಸ್ತು. ಧಾರಾವಾಹಿಯಾಗಿ ಬಂದದ್ದೇ ತಡ, ಓದುಗರು ಕಿಡಿಕಾರಿದರು. ಅಂಥ ನಂಟುಗಳು ಊರಿಗೆಲ್ಲ ಗೊತ್ತಿದ್ದವು. ಅಚ್ಚಿನಲ್ಲಿ ಬರಕೂಡದಿತ್ತು, ಅಷ್ಟೆ. ಅದೇ ಬಗೆಯ ವಸ್ತುವಿದ್ದ ವ್ಯಾನ್ಸ್ ಪಾಮರ್ ಕಾದಂಬರಿಯನ್ನು ಪತ್ರಿಕೆ ಆಮೇಲೆ ಒಲ್ಲೆ ಎಂದಿತು.

ಪ್ರಿಚರ್ಡ್ ಧೈರ್ಯ ದೊಡ್ಡದು. ಆದರೂ ಇಂದು ಓದಿದರೆ ಒಂದು ಕೊರತೆ ಕಾಡುತ್ತದೆ: ಕೂನಾರ್ಡೂ ಕಾಯುತ್ತಾಳೆ, ಸಹಿಸುತ್ತಾಳೆ, ಸಾಯುತ್ತಾಳೆ, ಅವಳ ಸಿಟ್ಟು ನಮಗೆ ಕೇಳುವುದೇ ಇಲ್ಲ. ಕಾರಂತರ ‘ಚೋಮನ ದುಡಿ’ ಓದಿ ಆಮೇಲೆ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಬಂದ ಕನ್ನಡಿಗರಿಗೆ ಈ ಕಸಿವಿಸಿ ಹೊಸತಲ್ಲ. ಪರರ ಪರವಾಗಿ ನಿಂತ ಆಸ್ಟ್ರೇಲಿಯಾ ಸಾಹಿತ್ಯದ ಬಲವೂ ಇಕ್ಕಟ್ಟೂ ಇಲ್ಲೇ ಇವೆ.

‘ಕೂನಾರ್ಡೂ’ ಬಂದ ಕೆಲವು ವರ್ಷಗಳಲ್ಲಿ ಮೆಲ್ಬರ್ನ್‌ನ ಫುಟ್‌ಸ್ಕ್ರೇಯಲ್ಲಿ ವಿಲಿಯಂ ಕೂಪರ್ ಎಂಬ ಯೋರ್ಟಾ ಯೋರ್ಟಾ ಹಿರಿಯರು ಬೇರೆಯದೇ ಗದ್ಯ ಬರೆಯುತ್ತಿದ್ದರು: ಮಂತ್ರಿಗಳಿಗೆ ಕಾಗದ, ದೊರೆಗೆ ಅರ್ಜಿ. ಸಂಸತ್ತಿನಲ್ಲಿ ತಮ್ಮವರಿಗೊಬ್ಬ ಪ್ರತಿನಿಧಿ ಬೇಕೆಂದು 1,814 ಸಹಿ ಕೂಡಿಸಿದ ಅರ್ಜಿಯನ್ನು ಸರ್ಕಾರ ದೊರೆಯವರೆಗೆ ಕಳಿಸಲೇ ಇಲ್ಲ. 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳು ಸುಟ್ಟವು. ಡಿಸೆಂಬರ್ 6ರಂದು ಕೂಪರ್ ಕಟ್ಟಿದ ಸಂಘದ ನಿಯೋಗ ಖಂಡನಾ ನಿರ್ಣಯ ಹಿಡಿದು ಮೆಲ್ಬರ್ನ್‌ನ ಜರ್ಮನ್ ಕಾನ್ಸುಲೇಟ್ ಬಾಗಿಲಿಗೆ ಹೋಯಿತು. ಅಲ್ಲಿ ನಿರ್ಣಯ ತೆಗೆದುಕೊಳ್ಳಲಿಲ್ಲ. ತಮ್ಮ ನೆಲದಲ್ಲೇ ಹಕ್ಕಿಲ್ಲದವರು ಕಡಲಾಚೆಯವರಿಗಾಗಿ ನಿಂತಿದ್ದರು. ಸಾಹಿತ್ಯವೆಂದರೆ ಕಥೆ-ಕವಿತೆ ಎಂದುಕೊಂಡ ವಿಮರ್ಶಕರು ಈ ಬರಹವನ್ನು ಕಡತಕ್ಕೆ ಬಿಟ್ಟುಕೊಟ್ಟದ್ದು ಅವರಿಗೇ ನಷ್ಟ.

1968ರ ಬಾಯರ್ ಉಪನ್ಯಾಸಗಳಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್, ಮೂಲನಿವಾಸಿಗಳ ವಿಷಯದಲ್ಲಿ ಇಡೀ ದೇಶ ಮರೆವನ್ನೇ ರೂಢಿ ಮಾಡಿಕೊಂಡಿದೆ ಎಂದು ಎತ್ತಿ ಹೇಳಿದರು. 1972ರಲ್ಲಿ ಸಿಡ್ನಿಯ ಥಾಮಸ್ ಕೆನೀಲಿ ‘ದ ಚಾಂಟ್ ಆಫ್ ಜಿಮ್ಮಿ ಬ್ಲ್ಯಾಕ್‌ಸ್ಮಿತ್’ನಲ್ಲಿ ಅವಮಾನಿತ ಮೂಲನಿವಾಸಿ ಯುವಕನ ಮನಸ್ಸಿಗೇ ಹೊಕ್ಕರು. ಈಗಾದರೆ ಬಿಳಿಯನ ಕಣ್ಣಿಂದಲೇ ಬರೆಯುತ್ತಿದ್ದೆ ಎಂದು ಮುಂದೆ ಅವರೇ ಹೇಳಿದರು. ನೇರ ಮಾತು. ಹಾಗೆಂದು ಆ ಪುಸ್ತಕದ ಕೋಪ ಪೊಳ್ಳಾಗುವುದಿಲ್ಲ.

ಇಕ್ಕಟ್ಟಿನಿಂದ ಹೊರಬರುವ ದಾರಿ ಕಂಡದ್ದು ತೀರ ಈಚೆಗೆ. ಕುರ್ದಿ ಪತ್ರಕರ್ತ ಬೆಹ್ರೂಜ್ ಬೂಚಾನಿಯನ್ನು ಆಸ್ಟ್ರೇಲಿಯಾ ಪಪುವಾ ನ್ಯೂಗಿನಿಯ ಮಾನಸ್ ದ್ವೀಪದಲ್ಲಿ ಕೂಡಿಹಾಕಿತ್ತು. ಅಲ್ಲಿಂದ ಅವರು ಫಾರ್ಸಿಯಲ್ಲಿ, ವಾಟ್ಸಾಪ್ ಸಂದೇಶಗಳಾಗಿ, ತುಣುಕು ತುಣುಕಾಗಿ ಪುಸ್ತಕ ಬರೆದು ಕಳಿಸಿದರು. ಮೂನೆಸ್ ಮನ್ಸೂಬಿ ಅವನ್ನು ಜೋಡಿಸಿಟ್ಟರು. ಒಮಿದ್ ತೋಫಿಘಿಯನ್ ಇಂಗ್ಲಿಷಿಗೆ ತಂದರು. ಇಲ್ಲಿ ಜೊತೆ ನಿಂತವರು ಬೂಚಾನಿಯ ಬದಲು ತಾವು ಮಾತಾಡಲಿಲ್ಲ, ಅವರ ಮಾತನ್ನು ದಾಟಿಸಿದರು. ಕೆಲಸದ ತೂಕ ಇದರಿಂದ ಕಡಿಮೆಯಾಗಲಿಲ್ಲ: ಅನುವಾದದ ಉದ್ದಕ್ಕೂ ಲೇಖಕ, ಅನುವಾದಕರ ನಡುವೆ ಚರ್ಚೆ ನಡೆದಿತ್ತು.

‘ನೋ ಫ್ರೆಂಡ್ ಬಟ್ ದ ಮೌಂಟನ್ಸ್’ 2018ರಲ್ಲಿ ಬಂತು. ಮರುವರ್ಷ ಜನವರಿಯಲ್ಲಿ ಅದಕ್ಕೆ ವಿಕ್ಟೋರಿಯಾದ ಒಂದು ಲಕ್ಷ ಡಾಲರ್‌ಗಳ ಸಾಹಿತ್ಯ ಪ್ರಶಸ್ತಿ ಸಂದಿತು. ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ ಎಂಬ ನಿಯಮವನ್ನು ಇವರಿಗಾಗಿ ಸಡಿಲಿಸಲಾಗಿತ್ತು. ಮೆಲ್ಬರ್ನ್‌ನ ಸಭೆ ಕೊಂಡಾಡಿತು, ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು. ಲೇಖಕ ಮಾತ್ರ ದ್ವೀಪದಲ್ಲೇ ಉಳಿದಿದ್ದರು. 2020ರಲ್ಲಿ ಅವರಿಗೆ ಆಶ್ರಯ ಕೊಟ್ಟದ್ದು ನ್ಯೂಜಿಲೆಂಡ್.